ಕೊನೆಗೆ ಬರೆಯುವ ಅಧ್ಯಾಯವನ್ನು ಮೊದಲು ಬರೆಯಿರಿ

ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ಸಮಾಜ ವಿಜ್ಞಾನದ ಒಂದು ಮಹಾಪ್ರಬಂಧ ಕೈಗೆತ್ತಿಕೊಂಡು ‘ಅಧ್ಯಯನ ವಿಧಾನ’ ಎಂಬ ಭಾಗ ತೆರೆಯಿರಿ. ಬಹಳ ಸಲ ಅಲ್ಲಿರುವುದು ಒಂದೂವರೆ ಪುಟ. ‘ಪ್ರಸ್ತುತ ಅಧ್ಯಯನದಲ್ಲಿ ವಿವರಣಾತ್ಮಕ ಹಾಗೂ ವಿಶ್ಲೇಷಣಾತ್ಮಕ ವಿಧಾನಗಳನ್ನು ಅನುಸರಿಸಲಾಗಿದೆ. ಪ್ರಾಥಮಿಕ ಮತ್ತು ದ್ವಿತೀಯಕ ಆಕರಗಳಿಂದ ಮಾಹಿತಿ ಸಂಗ್ರಹಿಸಲಾಗಿದೆ. ಯಾದೃಚ್ಛಿಕವಾಗಿ ನೂರು ಮಹಿಳೆಯರನ್ನು ಆಯ್ದುಕೊಂಡು ಸಂದರ್ಶಿಸಲಾಗಿದೆ.’ ಮೂರು ವಾಕ್ಯಗಳಲ್ಲೂ ಕ್ರಿಯಾಪದವಿದೆ, ಮಾಡಿದವರಿಲ್ಲ. ಯಾವ ಊರು, ಯಾವ ತಿಂಗಳು, ನೂರು ಮಂದಿಯನ್ನು ಯಾವ ಪಟ್ಟಿಯಿಂದ ಆರಿಸಿದ್ದು, ಮಾತಾಡಲು ಒಪ್ಪದವರು ಎಷ್ಟು ಮಂದಿ, ಮಾತಾಡುವಾಗ ಪಕ್ಕದಲ್ಲಿ ಯಾರು ಕೂತಿದ್ದರು, ಒಂದೂ ಗೊತ್ತಾಗುವುದಿಲ್ಲ. ಶೀರ್ಷಿಕೆ ಬದಲಿಸಿದರೆ ಇದೇ ಪುಟ ಹೈನುಗಾರಿಕೆಯ ಪ್ರಬಂಧಕ್ಕೂ ಹೊಂದುತ್ತದೆ, ಅಂಗನವಾಡಿಯ ಪ್ರಬಂಧಕ್ಕೂ ಹೊಂದುತ್ತದೆ.

ಇದಕ್ಕೆ ವಿದ್ಯಾರ್ಥಿಯ ಸೋಮಾರಿತನವನ್ನು ದೂರುವುದು ಸುಲಭ. ಆದರೆ ತಪ್ಪಿರುವುದು ಈ ಅಧ್ಯಾಯ ಬರೆಯುವ ಹೊತ್ತಿನಲ್ಲಿ. ಕ್ಷೇತ್ರಕಾರ್ಯ ಮುಗಿದು, ಕೋಷ್ಟಕಗಳು ತಯಾರಾಗಿ, ಪ್ರಬಂಧ ಸಲ್ಲಿಸುವ ದಿನಾಂಕ ಹತ್ತಿರ ಬಂದಾಗ, ಹಿಂದಿನವರ ಪ್ರಬಂಧವನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಭರ್ತಿ ಮಾಡಲಾಗುತ್ತದೆ. ಅಷ್ಟು ಹೊತ್ತಿಗೆ ಎರಡು ವರ್ಷದ ಹಿಂದೆ ಯಾಕೆ ಆ ಊರನ್ನೇ ಆರಿಸಿಕೊಂಡೆ ಎಂಬುದು ಬರೆಯುವವರಿಗೇ ಮರೆತಿರುತ್ತದೆ. ನೆನಪಿದ್ದರೂ, ಬಂದ ಫಲಿತಾಂಶಕ್ಕೆ ತಕ್ಕಂತೆ ನೆನಪು ತಾನಾಗಿ ಬಾಗುತ್ತದೆ. ಈ ಲೇಖನ ಹೇಳುವುದು ಒಂದೇ ಮಾತು: ವಿಧಾನದ ಅಧ್ಯಾಯವನ್ನು ಮೊದಲ ಮನೆಯ ಬಾಗಿಲು ತಟ್ಟುವ ಮುಂಚೆಯೇ, ಭವಿಷ್ಯತ್ ಕಾಲದಲ್ಲಿ, ‘ಮಾಡುತ್ತೇನೆ’ ಎಂದು ಬರೆಯಿರಿ. ಕೆಲಸ ಮುಗಿದ ಮೇಲೆ ‘ಮಾಡಿದೆ’ ಎಂದು ತಿದ್ದಿರಿ. ಹಾಗೆ ತಿದ್ದಲು ಬಾರದ ವಾಕ್ಯಗಳು ಎಲ್ಲಿ ಉಳಿಯುತ್ತವೋ ಅಲ್ಲಿ ನಿಜವಾಗಿ ನಡೆದದ್ದೇನೆಂದು ಬಿಡಿಸಿ ಹೇಳಿ.

ಯಾರು ಓದುತ್ತಾರೆ ಇದನ್ನೆಲ್ಲ, ಎಲ್ಲರೂ ನೋಡುವುದು ಕೊನೆಯ ಅಧ್ಯಾಯವನ್ನೇ ಎನ್ನುವವರಿದ್ದಾರೆ. ಪ್ರಯೋಗಾಲಯಗಳ ಜಗತ್ತಿನಿಂದ ಇದಕ್ಕೆ ಒಂದು ಉತ್ತರವಿದೆ. ಕ್ಯಾನ್ಸರ್ ಜೀವವಿಜ್ಞಾನದಲ್ಲಿ ಹೆಸರಾದ ಪ್ರಬಂಧಗಳ ಪ್ರಯೋಗಗಳನ್ನು ಮತ್ತೆ ಮಾಡಿ ನೋಡುವ ದೊಡ್ಡ ಯೋಜನೆಯೊಂದರ ವರದಿ 2021ರಲ್ಲಿ ಹೊರಬಂತು. 53 ಪ್ರಬಂಧಗಳ 193 ಪ್ರಯೋಗಗಳನ್ನು ಅದು ಪಟ್ಟಿ ಮಾಡಿಕೊಂಡಿತ್ತು. ಈ 193ರಲ್ಲಿ ಅಚ್ಚಾದ ಪ್ರಬಂಧವೊಂದನ್ನೇ ಓದಿ ಮರುಪ್ರಯೋಗದ ರೂಪುರೇಷೆ ಸಿದ್ಧಪಡಿಸಲು ಆದದ್ದು ಎಷ್ಟು? ಸೊನ್ನೆ. ಪ್ರತಿಯೊಂದಕ್ಕೂ ಮೂಲ ಲೇಖಕರಿಗೆ ಪತ್ರ ಬರೆದು ಕೇಳಬೇಕಾಯಿತು. ಸುಮಾರು ಮೂರನೇ ಒಂದು ಭಾಗದ ಪ್ರಯೋಗಗಳ ವಿಷಯದಲ್ಲಿ ಉತ್ತರವೇ ಬರಲಿಲ್ಲ, ಬಂದರೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಮತ್ತೆ ಮಾಡಲು ಸಾಧ್ಯವಾದದ್ದು 50 ಪ್ರಯೋಗಗಳನ್ನು ಮಾತ್ರ. ಕೋಟಿಗಟ್ಟಲೆ ಹಣ, ನುರಿತ ಕೈಗಳು, ಕಟ್ಟುನಿಟ್ಟಿನ ಪತ್ರಿಕೆಗಳು ಇರುವ ಕಡೆಯೇ ಹೀಗೆ. ವಿಧಾನವನ್ನು ಯಾರೂ ಓದುವುದಿಲ್ಲ ಎಂಬ ಮಾತು ನಿಜವಿರಬಹುದು. ಆದರೆ ಓದಲೇಬೇಕಾದ ದಿನ ಅಲ್ಲಿ ಏನೂ ಇರುವುದಿಲ್ಲ.

‘ಒಂದು ಅಧ್ಯಯನ’ ಎಂದರೆ ಯಾವುದು?

ಕೆಲಸ ಶುರುವಾಗಬೇಕಾದ್ದು ಪ್ರಶ್ನೆಯಿಂದ. ನಮ್ಮಲ್ಲಿ ಅದು ಶುರುವಾಗುವುದು ಶೀರ್ಷಿಕೆಯಿಂದ. ‘ಶಕ್ತಿ ಯೋಜನೆ ಮತ್ತು ಮಹಿಳಾ ಸಬಲೀಕರಣ: ಒಂದು ಅಧ್ಯಯನ’ ಎಂಬ ಶೀರ್ಷಿಕೆಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 2023ರ ಜೂನ್ 11ರಂದು ಶುರುವಾದ ಈ ಯೋಜನೆಯಲ್ಲಿ ರಾಜ್ಯದ ಮಹಿಳೆಯರು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಮೊತ್ತದ ಟಿಕೆಟ್ ಪಡೆದು ರಾಜ್ಯದೊಳಗೆ ಓಡಾಡಬಹುದು. ಎಂ.ಎ. ಕಿರುಪ್ರಬಂಧಕ್ಕೂ ಪಿಎಚ್‌.ಡಿ.ಗೂ ಸಹಜವಾಗಿ ಕೈಗೆ ಬರುವ ವಿಷಯ. ಆದರೆ ‘ಸಬಲೀಕರಣ’ವನ್ನು ನೋಡಿದವರು ಯಾರು? ಅದಕ್ಕೆ ಬಣ್ಣವಿಲ್ಲ, ತೂಕವಿಲ್ಲ. ‘ನೀವು ಸಬಲರಾಗಿದ್ದೀರಾ ಅಮ್ಮ?’ ಎಂದು ಕೇಳಿದರೆ ಆಕೆ ನಕ್ಕು ಒಳಗೆ ಹೋದಾಳು, ಇಲ್ಲವೇ ಕೇಳಿದವರ ಮುಖ ನೋಡಿ ‘ಹೂಂ’ ಎಂದಾಳು. ಆ ‘ಹೂಂ’ ಕೋಷ್ಟಕಕ್ಕೆ ಹೋಗಿ ಶೇಕಡಾವಾರು ಅಂಕಿಯಾಗುತ್ತದೆ.

ಆದ್ದರಿಂದ ಮೊದಲ ಹೆಜ್ಜೆ, ದೊಡ್ಡ ಪದವನ್ನು ಒಡೆದು ಎಣಿಸಲು ಬರುವ ಇಲ್ಲವೇ ಕೇಳಿ ತಿಳಿಯಲು ಬರುವ ಚಿಕ್ಕ ಸಂಗತಿಗಳನ್ನಾಗಿ ಮಾಡುವುದು. ಹೋದ ವಾರ ಎಷ್ಟು ದಿನ ಬಸ್ ಹತ್ತಿದಿರಿ? ಎಲ್ಲಿಗೆ? ಕೂಲಿಗೆ ಹೋಗುವ ಜಾಗ ಊರಿನಿಂದ ಎಷ್ಟು ದೂರ? ಕೊನೆಯ ಸಲ ತವರಿಗೆ ಹೋದದ್ದು ಯಾವಾಗ, ಯಾರನ್ನು ಕೇಳಿ ಹೊರಟಿರಿ? ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಆ ಮನೆಯ ಅಧಿಕಾರದ ಲೆಕ್ಕವೇ ಇದೆ, ಸಬಲೀಕರಣ ಎಂಬ ಪದ ಬಾಯಿಗೆ ಬರುವ ಅಗತ್ಯವೂ ಇಲ್ಲ. ಹೀಗೆ ಒಡೆದ ಮೇಲೆ ಪ್ರಶ್ನೆ ಚಿಕ್ಕದಾಗುತ್ತದೆ: ‘ಸರ್ಕಾರಿ ಬಸ್ ಬರುವ ಊರಿನ ಮಹಿಳೆಯರು ದೂರದ ಕೂಲಿಗೆ ಹೋಗುವುದು ಜಾಸ್ತಿಯೇ?’ ಚಿಕ್ಕದಾಯಿತೆಂದು ಬೇಸರಪಡುವ ಮಾರ್ಗದರ್ಶಕರೂ ಇರುತ್ತಾರೆ. ದೊಡ್ಡ ಪ್ರಶ್ನೆಗೆ ಜೊಳ್ಳು ಉತ್ತರ ತರುವುದಕ್ಕಿಂತ ಚಿಕ್ಕ ಪ್ರಶ್ನೆಗೆ ಗಟ್ಟಿ ಉತ್ತರ ತರುವುದು ಮೇಲು ಎಂದು ಅವರಿಗೆ ವಿನಯದಿಂದಲೇ ಹೇಳಬಹುದು.

ಈ ಪ್ರಶ್ನೆಯಲ್ಲಿ ‘ಜಾಸ್ತಿ’ ಎಂಬ ಪದವಿದೆಯಲ್ಲ, ಯಾವುದಕ್ಕಿಂತ ಜಾಸ್ತಿ ಎಂಬುದನ್ನೂ ಈಗಲೇ ಗೊತ್ತುಮಾಡಬೇಕು. ‘ಯೋಜನೆಗೆ ಮೊದಲು ಎಷ್ಟು ಓಡಾಡುತ್ತಿದ್ದಿರಿ?’ ಎಂದು ಕೇಳಿ ಈಗಿನದಕ್ಕೆ ಹೋಲಿಸುವುದು ಸುಲಭ, ಆದರೆ ಹಿಂದಿನ ವರ್ಷಗಳ ಓಡಾಟವನ್ನು ಯಾರೂ ಎಣಿಸಿಟ್ಟುಕೊಂಡಿರುವುದಿಲ್ಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು, ಅವಕ್ಕೆ ಶಕ್ತಿ ಅನ್ವಯಿಸುವುದಿಲ್ಲ, ಅಲ್ಲಿಯ ಒಂದು ಊರಿಗೂ ರಾಯಚೂರಿನ ಒಂದು ಊರಿಗೂ ಹೋಲಿಸೋಣ ಎನಿಸಬಹುದು. ಆದರೆ ಈ ಎರಡು ಊರುಗಳ ನಡುವೆ ಬಸ್ಸೊಂದೇ ಬೇರೆಯೇ? ಓದು, ಕೂಲಿ, ಮನೆಯ ಪದ್ಧತಿ ಎಲ್ಲವೂ ಬೇರೆ. ಒಂದೇ ತಾಲ್ಲೂಕಿನಲ್ಲಿ, ಪೇಟೆಯಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ, ಒಂದೇ ಬೆಳೆ ಬೆಳೆಯುವ ಎರಡು ಊರುಗಳನ್ನು ಹುಡುಕಿ. ಒಂದಕ್ಕೆ ಸರ್ಕಾರಿ ಬಸ್ ಬರಲಿ, ಇನ್ನೊಂದಕ್ಕೆ ಬಾರದಿರಲಿ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಬ್ರಿಟಿಷ್ ನೌಕೆಯಲ್ಲಿ ಸ್ಕರ್ವಿ ರೋಗಕ್ಕೆ ಮದ್ದು ಹುಡುಕಿದಾಗ ಮಾಡಿದ್ದೂ ಇದನ್ನೇ. ಆದಷ್ಟು ಒಂದೇ ಸ್ಥಿತಿಯಲ್ಲಿದ್ದ 12 ನಾವಿಕರನ್ನು ಆರಿಸಿ, ಒಂದೇ ಕಡೆ ಮಲಗಿಸಿ, ಒಂದೇ ಊಟ ಕೊಟ್ಟು, ಇಬ್ಬಿಬ್ಬರಿಗೆ ಒಂದೊಂದು ಬಗೆಯ ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದರು. ಹನ್ನೆರಡೇ ಜನ, ಆದರೂ ಆ ಪ್ರಯೋಗ ಇಂದಿಗೂ ಪಾಠವಾಗಿ ಉಳಿದಿದೆ, ಯಾಕೆಂದರೆ ಯಾರಿಗೆ ಏನು ಕೊಟ್ಟೆ, ಎಷ್ಟು ಕೊಟ್ಟೆ ಎಂಬುದನ್ನು ಆತ ಬರೆದಿಟ್ಟ.

ಸಿಕ್ಕವರು ಮಾದರಿಯಲ್ಲ

ಮಾದರಿ ಆಯ್ಕೆಯಲ್ಲಿ ಆಗುವಷ್ಟು ಅನಾಹುತ ಬೇರೆಲ್ಲೂ ಆಗುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಶಕ್ತಿ ಯೋಜನೆಯ ಅಧ್ಯಯನ ಎಂದಾಕ್ಷಣ ಯಾರಿಗಾದರೂ ಹೊಳೆಯುವ ಜಾಗ ಬಸ್ ನಿಲ್ದಾಣ. ಮಹಿಳೆಯರು ಅಲ್ಲೇ ಇರುತ್ತಾರೆ, ಬಸ್ಸಿಗೆ ಕಾಯುತ್ತ ಮಾತಿಗೂ ಸಿಗುತ್ತಾರೆ. ಈಗ ಒಂದು ಲೆಕ್ಕ ಮಾಡಿ. ಒಂದು ಊರಿನಲ್ಲಿ ದಿನಾ ಬಸ್ ಹತ್ತುವ ಮಹಿಳೆಯರು 30, ತಿಂಗಳಿಗೊಮ್ಮೆ ಹತ್ತುವವರು 120 ಎಂದಿಟ್ಟುಕೊಳ್ಳಿ. ಊರಿನಲ್ಲಿ ದಿನಾ ಓಡಾಡುವವರ ಪಾಲು 150ರಲ್ಲಿ 30, ಅಂದರೆ ಐದರಲ್ಲಿ ಒಂದು. ಆದರೆ ಯಾವುದೋ ಒಂದು ದಿನ ನೀವು ನಿಲ್ದಾಣದಲ್ಲಿ ನಿಂತರೆ, ದಿನದವರು 30 ಮಂದಿ ಅಷ್ಟೂ ಸಿಗುತ್ತಾರೆ. ತಿಂಗಳಿಗೊಮ್ಮೆ ಬರುವವರಲ್ಲಿ ಆ ದಿನದ ಸರದಿಯ ನಾಲ್ವರು ಸಿಗುತ್ತಾರೆ. ನಿಮ್ಮ ಪುಸ್ತಕದಲ್ಲಿ 34ರಲ್ಲಿ 30 ಜನ ದಿನಾ ಓಡಾಡುವವರು! ‘ಶೇ 88ರಷ್ಟು ಮಹಿಳೆಯರು ಯೋಜನೆಯನ್ನು ಪ್ರತಿದಿನ ಬಳಸುತ್ತಿದ್ದಾರೆ’ ಎಂಬ ವಾಕ್ಯ ಪ್ರಬಂಧದಲ್ಲಿ ಕೂರುತ್ತದೆ. ಯಾರೂ ಸುಳ್ಳು ಹೇಳಿಲ್ಲ, ಯಾರೂ ಅಂಕಿ ತಿದ್ದಿಲ್ಲ. ತಪ್ಪು ನಿಂತ ಜಾಗದ್ದು. ಬಸ್ಸೇ ಬಾರದ ಊರಿನವರು ಈ ಲೆಕ್ಕದೊಳಗೇ ಇಲ್ಲ ಎಂಬುದು ಬೇರೆ ಮಾತು.

ಜಾಸ್ತಿ ಜನರನ್ನು ಕೇಳಿದರೆ ಇದು ಸರಿಹೋಗುತ್ತದಲ್ಲ ಎಂಬುದು ಎಲ್ಲರ ಮೊದಲ ಸಮಾಧಾನ. ಸರಿಹೋಗುವುದಿಲ್ಲ. ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 1936ರ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿಯಂಥ ಕಾರ್ಡು ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಮಂದಿ ತುಂಬಿ ವಾಪಸ್ ಕಳಿಸಿದರು. ಅದನ್ನೆಲ್ಲ ಎಣಿಸಿ ಆಲ್ಫ್ರೆಡ್ ಲ್ಯಾಂಡನ್ ಶೇ 57 ಮತ ಪಡೆದು ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದದ್ದು ರೂಸ್‌ವೆಲ್ಟ್, ಮತ ಶೇ 60ಕ್ಕೂ ಹೆಚ್ಚು, 48 ರಾಜ್ಯಗಳಲ್ಲಿ 46. ಪತ್ರಿಕೆ ವಿಳಾಸ ತೆಗೆದುಕೊಂಡದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ, ಅದೂ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ. ಅದು ಒಂದು ತಪ್ಪು. ಒಂದು ಕೋಟಿಯಲ್ಲಿ ಉತ್ತರಿಸದೆ ಉಳಿದ ಮುಕ್ಕಾಲು ಪಾಲು ಜನ, ಉತ್ತರಿಸಿದವರಂತೆಯೇ ಯೋಚಿಸುತ್ತಾರೆ ಎಂದುಕೊಂಡದ್ದು ಇನ್ನೊಂದು. ಎರಡು ವರ್ಷದೊಳಗೆ ಪತ್ರಿಕೆಯೇ ಮುಚ್ಚಿತು. ನೂರು, ಇನ್ನೂರು, ಐನೂರು ಎಂಬ ಸಂಖ್ಯೆಯ ಚಿಂತೆ ನಮ್ಮ ವಿದ್ಯಾರ್ಥಿಗಳನ್ನು ಹಿಂಡುತ್ತದೆ. ಯಾವ ಪಟ್ಟಿಯಿಂದ ಎಂಬ ಚಿಂತೆ ಅದರ ಹತ್ತರಲ್ಲೊಂದು ಭಾಗವೂ ಹಿಂಡುವುದಿಲ್ಲ.

ಹಾಗಾದರೆ ಮಾಡುವುದು ಹೇಗೆ? ‘ಯಾದೃಚ್ಛಿಕ’ ಎಂಬ ಪದ ಕೇಳಿದರೆ ಮನಸ್ಸಿಗೆ ಬಂದಂತೆ, ದಾರಿಯಲ್ಲಿ ಸಿಕ್ಕಂತೆ ಎಂಬ ಅರ್ಥ ಬರುವಂತಿದೆ. ಅರ್ಧ ಗೊಂದಲ ಈ ಪದದಿಂದಲೇ. ನಿಜವಾದ ಅರ್ಥ ಇದಕ್ಕೆ ತಿರುಗುಮುರುಗು: ಆರಿಸುವವರ ಮನಸ್ಸಿಗೆ ಅಲ್ಲಿ ಕೆಲಸವೇ ಇರಬಾರದು. ಅದಕ್ಕೆ ಮೊದಲು ಒಂದು ಪಟ್ಟಿ ಬೇಕು. ಊರಿನ ಮತದಾರರ ಪಟ್ಟಿ ಸುಲಭವಾಗಿ ಸಿಗುತ್ತದೆ. ಅದರಲ್ಲಿ 640 ಮಹಿಳೆಯರಿದ್ದು ನಿಮಗೆ 40 ಜನ ಬೇಕಿದ್ದರೆ ಪ್ರತಿ 16ನೇ ಹೆಸರು. ಎಲ್ಲಿಂದ ಶುರು? 1ರಿಂದ 16ರವರೆಗೆ ಚೀಟಿ ಬರೆದು ಒಂದನ್ನು ಎತ್ತಿ. 11 ಬಂದರೆ 11, 27, 43 ಹೀಗೆ. ಮತದಾರರ ಪಟ್ಟಿಗೂ ಕೊರತೆಗಳಿವೆ. ಹದಿನೆಂಟು ತುಂಬದ ಕಾಲೇಜು ಹುಡುಗಿಯರು ಅದರಲ್ಲಿಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರೂರಿನ ಪಟ್ಟಿಯಲ್ಲೇ ಇರಬಹುದು. ಆ ಕೊರತೆಯನ್ನು ಈಗಲೇ ಬರೆದುಕೊಳ್ಳಿ, ಆಮೇಲೆ ಅದೇ ಪ್ರಬಂಧದ ಮಿತಿಯ ಭಾಗವಾಗುತ್ತದೆ. ಮನೆಗೆ ಬೀಗ ಹಾಕಿದ್ದರೆ ಏನು ಮಾಡುತ್ತೀರಿ ಎಂಬುದನ್ನೂ ಈಗಲೇ ಗೊತ್ತುಮಾಡಿ. ಪಕ್ಕದ ಮನೆಗೆ ಹೋಗಿ ಲೆಕ್ಕ ತುಂಬಿಸುವುದು ಸರ್ವೇಸಾಮಾನ್ಯ ಅಭ್ಯಾಸ. ಆದರೆ ಬೀಗ ಹಾಕಿದ ಮನೆಯವಳು ಬಸ್ ಹತ್ತಿ ಕೂಲಿಗೆ ಹೋಗಿದ್ದಾಳೆ, ಪಕ್ಕದ ಮನೆಯವಳು ಎಲ್ಲಿಗೂ ಹೋಗದವಳು, ಅದಕ್ಕೇ ಮನೆಯಲ್ಲಿದ್ದಾಳೆ. ನೀವು ಅಳೆಯಲು ಹೊರಟ ಸಂಗತಿಯೇ ಆ ಬೀಗದ ಹಿಂದಿದೆ. ಬೆಳಿಗ್ಗೆ, ಸಂಜೆ, ಒಂದು ಭಾನುವಾರ, ಹೀಗೆ ಮೂರು ಸಲ ಹೋಗುವುದು. ಆಗಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದೇ ಬರೆಯುವುದು.

ಅಳತೆಯ ಅಂಚು

ಯಾರನ್ನು ಎಂಬುದು ಗೊತ್ತಾದ ಮೇಲೆ ಹೇಗೆ ಅಳೆಯುವುದು. ಇಲ್ಲಿ ನಮ್ಮ ದೇಶದ್ದೇ ಒಂದು ಅಂದವಾದ ಉದಾಹರಣೆಯಿದೆ. ಕಲ್ಕತ್ತದಲ್ಲಿ 1931ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಪಿ.ಸಿ. ಮಹಾಲನೋಬಿಸ್ ಬಂಗಾಳದಲ್ಲಿ ಬೆಳೆಗಳ ಮಾದರಿ ಸಮೀಕ್ಷೆ ನಡೆಸಿದಾಗ ವಿಚಿತ್ರವೊಂದು ಕಂಡಿತು. ಹೊಲದಲ್ಲಿ ಚಿಕ್ಕ ತುಂಡು ಗುರುತು ಮಾಡಿ ಕೊಯ್ದು ತೂಗಿ ಲೆಕ್ಕ ಹಾಕಿದರೆ ಇಳುವರಿ ನಿಜಕ್ಕಿಂತ ಜಾಸ್ತಿ ಬರುತ್ತಿತ್ತು. ತುಂಡು ದೊಡ್ಡದಾದಂತೆ ಆ ಉಬ್ಬರ ಇಳಿಯುತ್ತಿತ್ತು. ಕಾರಣ ಇದ್ದದ್ದು ಅಂಚಿನಲ್ಲಿ. ಗೆರೆಯ ಮೇಲೆ ನಿಂತ ಬುಡ ಒಳಗೋ ಹೊರಗೋ ಎಂಬ ಅನುಮಾನ ಬಂದಾಗ ಕೊಯ್ಯುವವರ ಕೈ ಅದನ್ನು ಒಳಕ್ಕೇ ಎಳೆದುಕೊಳ್ಳುತ್ತದೆ. ಒಂದು ಮೀಟರ್ ಚೌಕಕ್ಕೆ ಅಂಚು ನಾಲ್ಕು ಮೀಟರ್, ಜಾಗ ಒಂದು ಚದರ ಮೀಟರ್. ಐದು ಮೀಟರ್ ಚೌಕಕ್ಕೆ ಅಂಚು 20 ಮೀಟರ್, ಜಾಗ 25 ಚದರ ಮೀಟರ್. ಜಾಗಕ್ಕೆ ಹೋಲಿಸಿದರೆ ಅಂಚು ಐದರಲ್ಲೊಂದು ಪಾಲಿಗೆ ಇಳಿಯಿತು, ತಪ್ಪೂ ಅದರ ಜೊತೆ ಇಳಿಯಿತು.

ಇಂದು ನಮ್ಮ ಹಳ್ಳಿಗಳಲ್ಲಿ ಬೆಳೆ ವಿಮೆಗಾಗಿ ನಡೆಯುವ ಬೆಳೆ ಕಟಾವು ಪ್ರಯೋಗದಲ್ಲಿ ರಾಗಿ, ಭತ್ತದಂಥ ಬೆಳೆಗೆ ಸಾಮಾನ್ಯವಾಗಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಹಾಕುವುದರ ಹಿಂದೆ ಈ ಬಗೆಯ ವಿಚಾರವಿದೆ. ಚೌಕವನ್ನು ಹೊಲದಲ್ಲಿ ಎಲ್ಲಿ ಹಾಕಬೇಕೆಂಬುದನ್ನೂ ಅಧಿಕಾರಿಯ ಕಣ್ಣಿಗೆ ಬಿಟ್ಟಿಲ್ಲ, ರೈತನ ಕೋರಿಕೆಗೂ ಬಿಟ್ಟಿಲ್ಲ. ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಮೊದಲೇ ಬಂದ ಯಾದೃಚ್ಛಿಕ ಸಂಖ್ಯೆಗೆ ತಕ್ಕಷ್ಟು ಉದ್ದಕ್ಕೂ ಅಡ್ಡಕ್ಕೂ ಅಳೆದು ನಡೆದು ಅಲ್ಲಿ ಗೂಟ ಹೊಡೆಯಬೇಕು. ಅಲ್ಲಿ ಬೆಳೆ ಸೊಂಪಾಗಿರಲಿ, ಬೋಳಾಗಿರಲಿ, ಕೊಯ್ಯಬೇಕಾದ್ದು ಅಲ್ಲೇ. ರೈತನಿಗೆ ಪರಿಹಾರ ಬರುವುದೂ ಬಾರದಿರುವುದೂ ಈ ಗೂಟದ ಮೇಲೆ ನಿಂತಿರುವುದರಿಂದಲೇ ಮೂಲೆ ಯಾವುದು ಎಂಬಷ್ಟರ ಮಟ್ಟಿಗೆ ನಿಯಮ ಬರೆದಿಟ್ಟಿದ್ದಾರೆ. ನಿಮ್ಮ ಪ್ರಬಂಧದ ವಿಧಾನವೂ ಇಷ್ಟು ಬಿಡಿಬಿಡಿಯಾಗಿರಬೇಕೆ ಎಂದು ಕೇಳಿದರೆ, ಹೌದು.

ಪ್ರಶ್ನಾವಳಿಗೂ ಇಂಥ ಅಂಚುಗಳಿವೆ. ಇಂಗ್ಲಿಷ್‌ನಲ್ಲಿ ತಯಾರಾದ ಪ್ರಶ್ನೆಯನ್ನು ಪುಸ್ತಕದ ಕನ್ನಡಕ್ಕೆ ತಂದು, ಕೇಳುವಾಗ ಬಾಯಿಗೆ ಬಂದಂತೆ ಊರಿನ ಮಾತಿಗೆ ಇಳಿಸಿದರೆ, ನಲವತ್ತು ಮನೆಯಲ್ಲಿ ನಲವತ್ತು ಬೇರೆ ಪ್ರಶ್ನೆಗಳನ್ನು ಕೇಳಿದಂತೆ. ‘ಕುಟುಂಬದ ನಿರ್ಣಯಗಳಲ್ಲಿ ನಿಮ್ಮ ಪಾತ್ರವೇನು?’ ಎಂಬುದನ್ನು ಕಲಬುರಗಿಯಲ್ಲೂ ಕುಂದಾಪುರದಲ್ಲೂ ಯಾರೂ ಹಾಗೆ ಆಡುವುದಿಲ್ಲ. ಆಡುವ ಮಾತಿನಲ್ಲೇ ಪ್ರಶ್ನೆ ಬರೆಯಿರಿ, ಮಾದರಿಯಲ್ಲಿಲ್ಲದ ಐದಾರು ಮಂದಿಗೆ ಕೇಳಿ ನೋಡಿ, ಎಲ್ಲಿ ಅವರು ‘ಏನಂದ್ರಿ?’ ಎನ್ನುತ್ತಾರೋ ಅಲ್ಲಿ ತಿದ್ದಿ, ತಿದ್ದಿದ ಮೇಲೆ ಮತ್ತೆ ಮುಟ್ಟಬೇಡಿ. ಅತ್ತೆಯೋ ಗಂಡನೋ ಪಕ್ಕದಲ್ಲಿ ಕೂತಿದ್ದರೆ ‘ಯಾರನ್ನು ಕೇಳಿ ಹೊರಟಿರಿ’ ಎಂಬುದಕ್ಕೆ ಬೇರೆಯೇ ಉತ್ತರ ಬರುತ್ತದೆ. ಅವರನ್ನು ಎಬ್ಬಿಸಿ ಕಳಿಸಲು ಆಗದು, ಆದರೆ ಹಾಳೆಯ ಮೂಲೆಯಲ್ಲಿ ‘ಒಬ್ಬರೇ / ಜೊತೆಗಿದ್ದರು’ ಎಂದು ಗುರುತು ಹಾಕಲು ಅಡ್ಡಿಯಿಲ್ಲ.

ಮಾತಿಗೆ ಒಪ್ಪಿಗೆ ಪಡೆಯುವುದು, ಬೇಡವೆಂದರೆ ಎದ್ದು ಬರುವುದು, ಹೆಸರಿನ ಬದಲು ಸಂಖ್ಯೆ ಬರೆದುಕೊಳ್ಳುವುದು, ಆಧಾರ್ ಸಂಖ್ಯೆಯಂಥ ಬೇಡದ ಮಾಹಿತಿಗೆ ಕೈ ಹಾಕದಿರುವುದು, ಇವೆಲ್ಲ ಹೇಳದೆಯೂ ತಿಳಿಯುವಂಥವು. ಆರೋಗ್ಯಕ್ಕೆ ಸಂಬಂಧಪಟ್ಟ ಅಧ್ಯಯನವಾದರೆ ನೈತಿಕ ಸಮಿತಿಯ ಅನುಮತಿ ಕ್ಷೇತ್ರಕ್ಕೆ ಹೋಗುವ ಮುಂಚೆ ಕೈಯಲ್ಲಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದನ್ನು ವಿವರವಾಗಿ ಹೇಳುತ್ತದೆ.

ಖಾಲಿ ಕೋಷ್ಟಕ

ಮಾಹಿತಿ ಬರುವ ಮೊದಲೇ ಕೋಷ್ಟಕ ಬರೆಯಿರಿ ಎಂದರೆ ಹಲವರಿಗೆ ಅಚ್ಚರಿಯಾಗುತ್ತದೆ. ಅಡ್ಡಸಾಲು, ಕಂಬಸಾಲು ಎಲ್ಲಕ್ಕೂ ಹೆಸರಿಟ್ಟು, ಮನೆಗಳನ್ನು ಮಾತ್ರ ಖಾಲಿ ಬಿಡಿ. ‘ಬಸ್ ಇರುವ ಊರು, ಇಲ್ಲದ ಊರು’ ಎಂದು ಮೇಲೆ. ‘ಹೋದ ವಾರ ಐದು ಕಿಲೊಮೀಟರಿಗಿಂತ ದೂರದ ಕೂಲಿಗೆ ಹೋದವರು’ ಎಂದು ಪಕ್ಕದಲ್ಲಿ. ಹೀಗೆ ಮಾಡುವಾಗ ಎರಡು ಸಂಗತಿ ಬಯಲಾಗುತ್ತವೆ. ಪ್ರಶ್ನಾವಳಿಯ 60 ಪ್ರಶ್ನೆಗಳಲ್ಲಿ ಮೂವತ್ತಕ್ಕೆ ಯಾವ ಕೋಷ್ಟಕದಲ್ಲೂ ಜಾಗವಿರುವುದಿಲ್ಲ. ಅವನ್ನು ಹೊಡೆದುಹಾಕಿದರೆ ಆ ಮಹಿಳೆಗೂ ನಿಮಗೂ ಅರ್ಧ ಗಂಟೆ ಉಳಿಯಿತು. ಜೊತೆಗೆ, ಕೋಷ್ಟಕಕ್ಕೆ ಬೇಕಾದ ಮುಖ್ಯ ಪ್ರಶ್ನೆಯನ್ನೇ ಕೇಳಲು ಮರೆತಿರುತ್ತೀರಿ. ಕ್ಷೇತ್ರದಿಂದ ವಾಪಸ್ ಬಂದ ಮೇಲೆ ಇದು ತಿಳಿಯುವುದಕ್ಕೂ ಈಗ ತಿಳಿಯುವುದಕ್ಕೂ ಇರುವ ವ್ಯತ್ಯಾಸ ಹೇಳಬೇಕಾಗಿಲ್ಲ.

ಇವುಗಳಲ್ಲಿ ಮುಖ್ಯ ಕೋಷ್ಟಕ ಯಾವುದು ಎಂದು ಒಂದಕ್ಕೆ ಗುರುತು ಹಾಕಿ, ಇಡೀ ಯೋಜನೆಯನ್ನು ಮಾರ್ಗದರ್ಶಕರಿಗೆ ಇಮೇಲ್ ಮಾಡಿ. ದಿನಾಂಕ ಬೀಳುತ್ತದೆ, ಅಷ್ಟು ಸಾಕು. ಈ ಗುರುತು ಯಾಕೆ? ಇಪ್ಪತ್ತು ಬೇರೆ ಬೇರೆ ಸಂಗತಿಗಳನ್ನು ಪರೀಕ್ಷಿಸಿದರೆ, ಯಾವುದರಲ್ಲೂ ನಿಜವಾದ ವ್ಯತ್ಯಾಸ ಇಲ್ಲದಿದ್ದರೂ, ರೂಢಿಯ ಶೇ 5ರ ಮಟ್ಟದಲ್ಲಿ ಒಂದಾದರೂ ‘ಗಮನಾರ್ಹ’ವಾಗಿ ಕಾಣುವ ಸಾಧ್ಯತೆ ಶೇ 64. ಆ ಒಂದನ್ನೇ ಎತ್ತಿ ಹಿಡಿದು, ಮೊದಲಿನಿಂದಲೂ ಇದನ್ನೇ ಹುಡುಕುತ್ತಿದ್ದೆ ಎಂದು ಬರೆದರೆ ಓದುಗನಿಗೆ ತಿಳಿಯುವ ದಾರಿಯಿಲ್ಲ. ಬರೆದವನಿಗೂ ತಾನು ಮೋಸ ಮಾಡುತ್ತಿದ್ದೇನೆ ಎನಿಸುವುದಿಲ್ಲ, ಅದೇ ಇದರ ಅಪಾಯ.

ಅಮೆರಿಕದ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆಯ ನೆರವಿನಿಂದ ನಡೆದ ದೊಡ್ಡ ಔಷಧಿ ಪ್ರಯೋಗಗಳನ್ನು ಇಬ್ಬರು ಸಂಶೋಧಕರು ಹಿಂತಿರುಗಿ ನೋಡಿ 2015ರಲ್ಲಿ ಲೆಕ್ಕ ಕೊಟ್ಟರು. 2000ಕ್ಕೆ ಮೊದಲಿನ 30 ಪ್ರಯೋಗಗಳಲ್ಲಿ 17ರಲ್ಲಿ ಔಷಧಿಯಿಂದ ಲಾಭ ಕಂಡಿತ್ತು. ಮುಖ್ಯ ಫಲಿತಾಂಶ ಯಾವುದೆಂದು ಮೊದಲೇ ನೋಂದಾಯಿಸುವುದು ರೂಢಿಗೆ ಬಂದ ಮೇಲಿನ 25ರಲ್ಲಿ ಲಾಭ ಕಂಡದ್ದು ಎರಡರಲ್ಲಿ ಮಾತ್ರ. ಸುಲಭದ ಔಷಧಿಗಳೆಲ್ಲ ಆಗಲೇ ಸಿಕ್ಕಿಬಿಟ್ಟಿದ್ದವು, ಉಳಿದದ್ದು ಕಷ್ಟದವು ಎಂದು ವಾದಿಸಬಹುದು, ಅದರಲ್ಲಿ ಒಂದಿಷ್ಟು ನಿಜವೂ ಇದ್ದೀತು. ಆದರೆ ಆ 25ರಲ್ಲಿ ಸುಮಾರು ಅರ್ಧದಷ್ಟು ಪ್ರಯೋಗಗಳಲ್ಲಿ ಮುಖ್ಯವಲ್ಲದ ಯಾವುದಾದರೊಂದು ಅಳತೆಯಲ್ಲಿ ಲಾಭ ಕಂಡಿತ್ತು. ಮೊದಲೇ ಬರೆದಿಟ್ಟಿರದಿದ್ದರೆ ಅದೇ ಮುಖ್ಯವಾಗಿಬಿಡಲು ಏನೂ ಅಡ್ಡಿಯಿರಲಿಲ್ಲ. ಮನುಷ್ಯರ ಮೇಲಿನ ಔಷಧಿ ಪ್ರಯೋಗಗಳಿಗೆ ನಮ್ಮ ದೇಶದಲ್ಲೂ 2007ರಿಂದ ನೋಂದಣಿ ವ್ಯವಸ್ಥೆಯಿದೆ, 2009ರ ಜೂನ್‌ನಿಂದ ಅದು ಕಡ್ಡಾಯ. ಎಂ.ಎ. ವಿದ್ಯಾರ್ಥಿಗೆ ಯಾರೂ ಕಡ್ಡಾಯ ಮಾಡಿಲ್ಲ. ಒಂದು ಇಮೇಲ್‌ನಲ್ಲಿ ಅದೇ ಕೆಲಸ ಆಗುತ್ತದೆ.

ಯೋಜನೆಗೆ ಸಿಕ್ಕದ ಕ್ಷೇತ್ರ

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪ ಬರುವುದು ಜಾನಪದ, ಮಾನವಶಾಸ್ತ್ರದ ಕಡೆಯಿಂದ. ಊರಿನೊಳಗೆ ಹೋಗಿ ವರ್ಷಗಟ್ಟಲೆ ಇದ್ದು, ಜನ ಏನು ಹೇಳುತ್ತಾರೋ ಅದರ ಹಿಂದೆ ಹೋಗುವ ಸಂಶೋಧನೆಗೆ ಖಾಲಿ ಕೋಷ್ಟಕದ ಉಪದೇಶ ಯಾಕೆ? ಮೊದಲೇ ಎಲ್ಲ ಗೊತ್ತುಮಾಡಿಕೊಂಡು ಹೋದವರಿಗೆ ಹೊಸದೇನು ಕಂಡೀತು? ಆಕ್ಷೇಪ ಸರಿಯಾದದ್ದೇ. ಹೆಳವರ ವಂಶಾವಳಿ ಕೇಳಲು ಹೋದವರಿಗೆ ಪ್ರತಿ 16ನೇ ಹೆಸರಿನ ಸೂತ್ರದಿಂದ ಉಪಯೋಗವಿಲ್ಲ. ಅಂಥ ಕೆಲಸದಲ್ಲಿ ಮೊದಲೇ ಬರೆಯಬೇಕಾದ್ದು ಏನು ಸಿಗುತ್ತದೆ ಎಂಬುದನ್ನಲ್ಲ. ಯಾರ ಮೂಲಕ ಊರೊಳಗೆ ಹೋಗುತ್ತೇನೆ, ಯಾರ ಮನೆಯಲ್ಲಿ ಇಳಿದುಕೊಳ್ಳುತ್ತೇನೆ, ಆ ಕಾರಣಕ್ಕೆ ಯಾವ ಕೇರಿಯ ಬಾಗಿಲು ನನಗೆ ಮುಚ್ಚಬಹುದು, ದಿನದ ಟಿಪ್ಪಣಿಯನ್ನು ಯಾವಾಗ ಬರೆಯುತ್ತೇನೆ, ಎಲ್ಲಿ ಇಡುತ್ತೇನೆ, ಇವನ್ನು ಬರೆಯಬೇಕು.

ಎಂ.ಎನ್. ಶ್ರೀನಿವಾಸ್ ಅವರ ಕತೆ ಇಲ್ಲಿ ಹೇಳಲೇಬೇಕಾದದ್ದು. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಅವರು 1948ರಲ್ಲಿ ಕ್ಷೇತ್ರಕಾರ್ಯ ಮಾಡಿದರು. ಬರಹದಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ವರ್ಷಗಳ ಕಾಲ ಪರಿಷ್ಕರಿಸಿಟ್ಟ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರದಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಅವರು ನೆನಪನ್ನೇ ಆಧಾರವಾಗಿಟ್ಟುಕೊಂಡು ಬರೆದ ಪುಸ್ತಕ 1976ರಲ್ಲಿ ಬಂತು. ಹೆಸರು ‘ದಿ ರಿಮೆಂಬರ್ಡ್ ವಿಲೇಜ್’. ನೆನಪಿನಿಂದ ಬರೆದದ್ದು ಎಂಬ ವಿಧಾನವನ್ನು ಅವರು ಅಡಿಟಿಪ್ಪಣಿಯಲ್ಲಿ ಅಡಗಿಸಲಿಲ್ಲ, ಪುಸ್ತಕದ ಬೆನ್ನ ಮೇಲೇ ಬರೆಸಿದರು. ಓದುಗ ಅದನ್ನು ತಿಳಿದೇ ಒಳಗೆ ಬರುತ್ತಾನೆ, ಎಲ್ಲಿ ನಂಬಬೇಕು, ಎಲ್ಲಿ ತಡೆಯಬೇಕು ಎಂದು ತಾನೇ ನಿರ್ಧರಿಸುತ್ತಾನೆ. ಟಿಪ್ಪಣಿಗಳು ಸುಟ್ಟುಹೋದ ಮೇಲೂ ವಿಧಾನವನ್ನು ವಿವರಿಸಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಾಗೆಯೇ, ಒಂದೇ ಜಾಗದಲ್ಲಿ ಇಟ್ಟ ಮೂರು ಪ್ರತಿಗಳು ಒಂದೇ ಪ್ರತಿಗೆ ಸಮ ಎಂಬುದಕ್ಕೂ.

ಆಕಸ್ಮಿಕವಾಗಿ ಹೊಳೆದ ದೊಡ್ಡ ಶೋಧಗಳ ಮಾತೂ ಬರುತ್ತದೆ. ಫ್ಲೆಮಿಂಗ್‌ಗೆ 1928ರಲ್ಲಿ ಪೆನ್ಸಿಲಿನ್ ಕಂಡದ್ದು ಯೋಜನೆಯಿಂದಲ್ಲ, ನಿಜ. ಆದರೆ ಅದು ಜೀವ ಉಳಿಸಬಲ್ಲದು ಎಂದು ಗೊತ್ತಾದದ್ದು 1940ರ ಮೇ ತಿಂಗಳಲ್ಲಿ, ಆಕ್ಸ್‌ಫರ್ಡ್‌ನಲ್ಲಿ, ಎಂಟು ಇಲಿಗಳಿಗೆ ಸೋಂಕು ತಗುಲಿಸಿ ನಾಲ್ಕಕ್ಕೆ ಮಾತ್ರ ಮದ್ದು ಕೊಟ್ಟ ಪ್ರಯೋಗದಿಂದ. ಕೊಡದ ನಾಲ್ಕೂ ರಾತ್ರಿ ಕಳೆಯುವುದರೊಳಗೆ ಸತ್ತಿದ್ದವು.

ಬರೆಯುವಾಗ

ಕೆಲಸ ಮುಗಿಯಿತು, ‘ಮಾಡುತ್ತೇನೆ’ಗಳನ್ನು ‘ಮಾಡಿದೆ’ಗಳನ್ನಾಗಿ ತಿದ್ದುವ ಹೊತ್ತು ಬಂತು. ‘ಸಂದರ್ಶಿಸಲಾಯಿತು’ ಎಂಬ ರೂಪವನ್ನು ಆದಷ್ಟು ದೂರವಿಡಿ. ಶಾಸ್ತ್ರೀಯವಾಗಿ ಕೇಳಿಸುತ್ತದೆ ಎಂದು ಅದನ್ನು ಹಿಡಿದುಕೊಂಡಿದ್ದೇವೆ. ಅದು ಮಾಡುವ ಮುಖ್ಯ ಕೆಲಸ ಕರ್ತೃವನ್ನು ಮರೆಸುವುದು. ಸಂದರ್ಶಿಸಿದವರು ನೀವೋ, ಕೂಲಿ ಕೊಟ್ಟು ಕಳಿಸಿದ ಹುಡುಗರೋ? ಮಹಿಳೆಯರ ಜೊತೆ ಮಾತಾಡಿದ್ದು ಗಂಡಸೋ ಹೆಂಗಸೋ? ಉತ್ತರ ಬದಲಾಗುವುದು ಇಲ್ಲಿಯೇ. ‘ನಾನು’ ಎಂದು ಬರೆಯಲು ವಿಭಾಗ ಒಪ್ಪದಿದ್ದರೆ ‘ಸಂಶೋಧಕಿ’ ಎಂದಾದರೂ ಬರೆಯಿರಿ.

ಮೊದಲು ನೋಡಿದ ‘ಯಾದೃಚ್ಛಿಕವಾಗಿ ನೂರು ಮಹಿಳೆಯರನ್ನು’ ಎಂಬ ವಾಕ್ಯದ ಜಾಗದಲ್ಲಿ ಹೀಗೊಂದು ಬರಬಹುದು: ‘ಊರಿನ ಮತದಾರರ ಪಟ್ಟಿಯಲ್ಲಿದ್ದ 640 ಮಹಿಳೆಯರಲ್ಲಿ, ಚೀಟಿ ಎತ್ತಿ ಬಂದ 11ನೇ ಹೆಸರಿನಿಂದ ಶುರುಮಾಡಿ, ಪ್ರತಿ 16ನೇ ಹೆಸರಿನಂತೆ 40 ಮಂದಿಯನ್ನು ಆರಿಸಿದೆ. ಮೂರು ಸಲ ಹೋದರೂ ಐವರು ಸಿಗಲಿಲ್ಲ. ಅವರಲ್ಲಿ ಮೂವರು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದರು. ಇಬ್ಬರು ಮಾತಾಡಲು ಒಪ್ಪಲಿಲ್ಲ. ಉಳಿದ 33 ಮಂದಿಯ ಜೊತೆ ಸುಗ್ಗಿ ಮುಗಿದ ಮೇಲಿನ ಎರಡು ವಾರಗಳಲ್ಲಿ, ಅವರವರ ಮನೆಯಲ್ಲೇ, ನಾನೇ ಮಾತಾಡಿದೆ. 19 ಮನೆಗಳಲ್ಲಿ ಬೇರೊಬ್ಬರು ಪಕ್ಕದಲ್ಲಿದ್ದರು.’ ನೂರು ಹೋಗಿ 33 ಆಯಿತು. ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಸಂಖ್ಯೆ ಕಡಿಮೆಯಾಯಿತಲ್ಲ ಎಂದರೆ, ಆ ಮೂವರು ಬೆಂಗಳೂರಿನಲ್ಲಿರುವುದರಿಂದ ಉತ್ತರ ಯಾವ ಕಡೆಗೆ ವಾಲಿರಬಹುದು ಎಂದು ನೀವೇ ಹೇಳಬಲ್ಲಿರಿ. ನೂರರ ವಾಕ್ಯ ಬರೆದವರಿಗೆ ಆ ಅನುಕೂಲವಿಲ್ಲ.

ಬರೆದು ಮುಗಿದ ಮೇಲೆ ಬೇರೆ ವಿಭಾಗದ ಗೆಳತಿಯೊಬ್ಬಳಿಗೆ ಈ ಅಧ್ಯಾಯವನ್ನು ಮಾತ್ರ ಕೊಡಿ. ನಾಳೆ ನನ್ನ ಬದಲು ನೀನೇ ಹೊರಟೆ ಎಂದುಕೋ, ಎಲ್ಲಿ ಬಸ್ ಇಳಿಯುತ್ತೀಯ, ಮೊದಲು ಯಾರ ಮನೆಗೆ ಹೋಗುತ್ತೀಯ, ಬಾಗಿಲಿಗೆ ಬೀಗ ಇದ್ದರೆ ಏನು ಮಾಡುತ್ತೀಯ ಎಂದು ಕೇಳಿ. ಅವಳು ಉತ್ತರ ಹೇಳುವ ಬದಲು ನಿಮ್ಮನ್ನೇ ತಿರುಗಿ ಏನಾದರೂ ಕೇಳಿದರೆ, ಅದನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ಅಲ್ಲಿ ಇನ್ನೊಂದು ವಾಕ್ಯ ಬರೆಯುವುದು ಬಾಕಿಯಿದೆ.